ನೀರು ನೋಡಿ ಪುಡಿ ಹಾಕಿ

ವಾಷಿಂಗ್ ಮೆಷಿನ್ ರಿಪೇರಿಗೆ ಬಂದ ಪಳಗಿದ ಮೆಕ್ಯಾನಿಕ್ ಕೈಚೀಲ ಕೆಳಗಿಡುವ ಮೊದಲೇ ಕೇಳುವ ಪ್ರಶ್ನೆ, "ನಿಮ್ಮದು ಕಾವೇರಿ ನೀರಾ, ಬೋರ್ ನೀರಾ?" ಕಂಪನಿ ಯಾವುದು, ತಂದು ಎಷ್ಟು ವರ್ಷವಾಯಿತು ಎಂಬ ವಿಚಾರಣೆಯೆಲ್ಲ ಆಮೇಲೆ. ಬೆಂಗಳೂರಿನಲ್ಲಂತೂ ಈ ಒಂದು ಉತ್ತರದಿಂದಲೇ ಅರ್ಧ ಕಾಯಿಲೆ ಪತ್ತೆಯಾಗುತ್ತದೆ. ನಾವು ಮಾತ್ರ ಮೆಷಿನ್ ಕೊಳ್ಳುವಾಗ ಎಷ್ಟು ಕಿಲೋ, ಎಷ್ಟು ಸ್ಟಾರ್, ಡಿಸ್‌ಪ್ಲೇ ಹೇಗಿದೆ, ವೈಫೈ ಇದೆಯಾ ಎಂದೆಲ್ಲ ಕೇಳುತ್ತೇವೆ. ಅದಕ್ಕೆ ದಿನವೂ ಕುಡಿಸುವ ನೀರಿನ ಬಗ್ಗೆ ಅಂಗಡಿಯವನೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಪಂಪಾಗಿ ಬರುವ ಕಾವೇರಿ ನೀರು ಮೆದು ನೀರು. ಕೊಳವೆಬಾವಿಯದು ಹಾಗಲ್ಲ. ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ಆ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗಿರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಹಾಕಿರುವ ಗೆರೆಯ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಗಡಸುತನದವರೆಗೆ ಸರಿ. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೂ ಸಹಿಸಿಕೊಳ್ಳಬಹುದು. ಆ 600ರ ನೀರನ್ನೇ ಮೆಷಿನ್ನಿಗೆ ಬಿಟ್ಟರೆ ಏನಾಗುತ್ತದೆ? ಒಂದು ಒಗೆತಕ್ಕೆ 60 ಲೀಟರ್ ಎಂದುಕೊಂಡರೂ 36 ಗ್ರಾಂ ಸುಣ್ಣದಂಶ ಡ್ರಮ್ಮಿನೊಳಗೆ ಹಾದುಹೋಗುತ್ತದೆ. ವಾರಕ್ಕೆ ನಾಲ್ಕು ಸಲ ಬಟ್ಟೆ ಹಾಕುವ ಮನೆಯಲ್ಲಿ ವರ್ಷಕ್ಕೆ ಏಳೂವರೆ ಕಿಲೋ. ಬಹುಪಾಲು ಮೋರಿಗೆ ಹರಿದುಹೋಗುತ್ತದೆ ನಿಜ. ಆದರೆ ಉಳಿಯುವ ಚೂರುಪಾರೇ ಹೀಟರಿನ ಮೇಲೆ, ಪೈಪಿನೊಳಗೆ, ಟವೆಲ್ಲಿನ ನೂಲಿನಲ್ಲಿ ಕೂರುತ್ತದೆ. ಹೊಸದಿದ್ದಾಗ ಮೆತ್ತಗಿದ್ದ ಟವೆಲ್ ಆರು ತಿಂಗಳಿಗೆ ಮೈ ಉಜ್ಜುವ ನಾರಿನಂತಾಗುವುದು ಇದರಿಂದಲೇ. ಅದಕ್ಕೆ ಬ್ರ್ಯಾಂಡ್ ಬದಲಿಸಿ ಪ್ರಯೋಜನವಿಲ್ಲ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇನ್ನೊಂದು ತೊಡಕಿದೆ. ಒಂದೇ ಸಂಪಿಗೆ ಸೋಮವಾರ ಕಾವೇರಿ, ಬುಧವಾರ ಬೋರ್, ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಟ್ಯಾಂಕರ್. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಪರದಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಮೂರು ಬಗೆ, ಪುಡಿಯ ಚಮಚ ಮಾತ್ರ ಒಂದೇ. ಬಟ್ಟೆ ಒಂದು ದಿನ ಚೆನ್ನಾಗಿ ಬಂದು ಇನ್ನೊಂದು ದಿನ ಮಂಕಾಗಿ ಬಂದರೆ ಬೈಗುಳ ತಿನ್ನುವುದು ಮೆಷಿನ್.

ಗಡಸುತನ ತಿಳಿಯಲು ಪ್ರಯೋಗಾಲಯಕ್ಕೇನೂ ಓಡಬೇಕಿಲ್ಲ. ಒಂದು ಬಾಟಲಿಯಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಹಿಡಿದಿಟ್ಟ ಮಳೆನೀರು ಸಮನಾಗಿ ಹಾಕಿ, ಮೈಸೋಪಿನ ಒಂದಿಷ್ಟು ತುರಿ ಬೆರೆಸಿ ಅಲ್ಲಾಡಿಸಿ. ಮಳೆನೀರಿನಲ್ಲಿ ನೊರೆ ಉಕ್ಕುತ್ತದೆ. ಗಡಸು ನೀರಿನಲ್ಲಿ ನೊರೆಯ ಬದಲು ಮೊಸರೊಡೆದಂಥ ಬಿಳಿ ಗಸಿ ತೇಲುತ್ತದೆ. ಸೋಪೇ ಆಗಬೇಕು, ಡಿಟರ್ಜೆಂಟ್ ಪುಡಿ ಗಡಸು ನೀರಿಗೆ ಸೋಪಿನಷ್ಟು ಸುಲಭವಾಗಿ ಸೋಲುವುದಿಲ್ಲ, ಹಾಗಾಗಿ ಪರೀಕ್ಷೆ ಕೆಡುತ್ತದೆ. ಆರ್‌ಒ ಮಾರುವವರು ಜೇಬಿನಿಂದ ತೆಗೆದು ತೋರಿಸುವ ಟಿಡಿಎಸ್ ಮೀಟರನ್ನು ಮಾತ್ರ ಈ ವಿಷಯಕ್ಕೆ ನೆಚ್ಚಬೇಡಿ. ಅದು ನೀರಿನಲ್ಲಿ ಕರಗಿದ ಎಲ್ಲ ಲವಣಗಳನ್ನೂ ಒಟ್ಟಿಗೆ ಎಣಿಸುತ್ತದೆ, ಅಡುಗೆ ಉಪ್ಪು ಬೆರೆಸಿದರೂ ಏರುತ್ತದೆ. ಗಡಸುತನ ಬೇರೆಯದೇ ಲೆಕ್ಕ. ಅದಕ್ಕೆಂದೇ ಹನಿ ಎಣಿಸುವ ಸಣ್ಣ ಕಿಟ್‌ಗಳು ಸಿಗುತ್ತವೆ.

ಈಗ ಪುಡಿಯ ವಿಷಯ. 1959ರಲ್ಲಿ ಸರ್ಫ್ ಭಾರತಕ್ಕೆ ಬಂತು, 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ ನಿರ್ಮಾ ಶುರುಮಾಡಿದರು. ಅಂದಿನಿಂದ ನಮ್ಮ ಮನೆಗಳಲ್ಲಿ ಬೇರುಬಿಟ್ಟ ನಂಬಿಕೆಯೊಂದಿದೆ: ಬಕೆಟ್ ತುಂಬ ನೊರೆ ಎದ್ದರೆ ಕೊಳೆ ಹೋಯಿತು. ಬಕೆಟ್ಟಿನ ಮಟ್ಟಿಗೆ ಅದರಿಂದ ನಷ್ಟವಿರಲಿಲ್ಲ, ಉಜ್ಜುವುದಕ್ಕೆ ಕೈಯಿತ್ತು, ಕುಕ್ಕುವುದಕ್ಕೆ ಒಗೆಯುವ ಕಲ್ಲಿತ್ತು. ಫ್ರಂಟ್ ಲೋಡ್ ಮೆಷಿನ್ನಿನಲ್ಲಿ ಆ ಕಲ್ಲಿನ ಕೆಲಸ ಮಾಡುವುದು ಬಟ್ಟೆಯ ಬೀಳುವಿಕೆ. ಡ್ರಮ್ ತಿರುಗುತ್ತ ಬಟ್ಟೆಯನ್ನು ಮೇಲಕ್ಕೆತ್ತಿ ಸ್ವಲ್ಪವೇ ನೀರಿಗೆ ಬೀಳಿಸುತ್ತದೆ. ಮಧ್ಯೆ ನೊರೆ ತುಂಬಿದರೆ ಬಟ್ಟೆ ಮೆತ್ತಗೆ ಜಾರುತ್ತದೆಯೇ ಹೊರತು ಬಡಿಯುವುದಿಲ್ಲ. ನೊರೆ ಹೆಚ್ಚಾದಾಗ ಕೆಲವು ಮೆಷಿನ್‌ಗಳು ತಾವೇ ನಿಂತು ಮತ್ತೆ ಮತ್ತೆ ನೀರು ತುಂಬಿಕೊಳ್ಳುತ್ತವೆ. ಒಂದು ಗಂಟೆಯಲ್ಲಿ ಮುಗಿಯಬೇಕಾದದ್ದು ಎರಡು ಗಂಟೆ ಎಳೆಯುತ್ತದೆ, ಕೊನೆಗೆ ಹಿಂಡುವ ಹಂತವೂ ಸರಿಯಾಗಿ ಆಗದೆ ಬಟ್ಟೆ ತೊಟ್ಟಿಕ್ಕುತ್ತ ಹೊರಬರುತ್ತದೆ. ಬಕೆಟ್ಟಿಗೆಂದು ಮಾಡಿದ ಪುಡಿಯನ್ನು ಮೆಷಿನ್ನಿಗೆ ಹಾಕಬಾರದು ಎನ್ನುವುದು ಇದೇ ಕಾರಣಕ್ಕೆ. ಪೊಟ್ಟಣದ ಮೇಲೆ 'ಮ್ಯಾಟಿಕ್' ಎಂದಿರುವುದು ಬರಿ ಮಾರಾಟದ ತಂತ್ರವಲ್ಲ, ಅದರಲ್ಲಿ ನೊರೆ ತಗ್ಗಿಸುವ ಅಂಶ ಸೇರಿರುತ್ತದೆ. ಫ್ರಂಟ್ ಲೋಡಿನದು ಬೇರೆ, ಟಾಪ್ ಲೋಡಿನದು ಬೇರೆ.

ಹಾಗಾದರೆ ಎಷ್ಟು ಹಾಕಬೇಕು? ಮೆದು ನೀರಿಗೆ ಪೊಟ್ಟಣದಲ್ಲಿ ಬರೆದ ಅಳತೆಯ ಅರ್ಧದಿಂದ ಶುರುಮಾಡಿ ನೋಡಿ, ಬಹುತೇಕ ಮನೆಬಳಕೆಯ ಬಟ್ಟೆಗೆ ಅದೇ ಸಾಕಾಗುತ್ತದೆ. ಗಡಸು ನೀರಿಗೆ ಪೂರ್ತಿ ಅಳತೆ ಬೇಕೇಬೇಕು, ಯಾಕೆಂದರೆ ಪುಡಿಯ ಒಂದು ಪಾಲು ಕೊಳೆಯ ಹತ್ತಿರ ಹೋಗುವ ಮೊದಲೇ ಕ್ಯಾಲ್ಸಿಯಂ ಜೊತೆ ಸೆಣಸಿ ಖರ್ಚಾಗುತ್ತದೆ. ಅಂದಾಜು ಸರಿಯಾಯಿತೇ ಎಂದು ತಿಳಿಯುವುದು ಸುಲಭ. ಒಗೆದು ಮುಗಿದ ಒಂದು ಟವೆಲನ್ನು ಅರ್ಧ ಬಕೆಟ್ ಬರಿ ನೀರಿನಲ್ಲಿ ಅದ್ದಿ ನಾಲ್ಕು ಸಲ ಹಿಂಡಿ. ನೀರು ಹಾಲಿನಂತಾದರೆ, ಮೇಲೆ ನೊರೆ ನಿಂತರೆ ಪುಡಿ ಹೆಚ್ಚಾಗಿದೆ. ಹೆಚ್ಚಿನ ಮನೆಗಳಲ್ಲಿ ಮೊದಲ ಸಲ ಈ ಪರೀಕ್ಷೆ ಮಾಡಿದವರಿಗೆ ಆಶ್ಚರ್ಯ ಕಾದಿರುತ್ತದೆ. ಕಪ್ಪು ಪ್ಯಾಂಟಿನ ಮೇಲೆ ಬಿಳಿ ಗೀರು, ಚಿಕ್ಕ ಮಕ್ಕಳ ಮೈಯಲ್ಲಿ ತುರಿಕೆ ಕಂಡರೂ ಒಮ್ಮೆ ಇತ್ತ ಅನುಮಾನಪಡಬೇಕು. ಹಾಗೆ ಮೋರಿಗೆ ಹೋದ ಡಿಟರ್ಜೆಂಟ್ ಎಲ್ಲಿಗೆ ಹೋಗುತ್ತದೆಂಬುದನ್ನು ಬೆಳ್ಳಂದೂರು ಕೆರೆಯ ಕೋಡಿಯಲ್ಲಿ ಗಾಳಿಗೆ ಹಾರಿ ರಸ್ತೆಗೆ ಬರುತ್ತಿದ್ದ ನೊರೆಯ ರಾಶಿಯಲ್ಲಿ ಊರೇ ನೋಡಿದೆ.

ಜರ್ಮನಿಯ ಹೆಂಕೆಲ್ ಕಂಪನಿಯಲ್ಲಿದ್ದ ಹರ್ಬರ್ಟ್ ಸಿನ್ನರ್ ಎಂಬ ರಸಾಯನಶಾಸ್ತ್ರಜ್ಞ 1959ರಲ್ಲಿ ಒಗೆತವನ್ನು ನಾಲ್ಕು ಪಾಲು ಮಾಡಿ ತೋರಿಸಿದ: ರಾಸಾಯನಿಕ, ಬಡಿತ, ಬಿಸಿ, ಸಮಯ. ಒಂದನ್ನು ಕಡಿಮೆ ಮಾಡಿದರೆ ಇನ್ನೊಂದನ್ನು ಹೆಚ್ಚಿಸಲೇಬೇಕು. 15 ನಿಮಿಷದ ಕ್ವಿಕ್ ವಾಶ್‌ನಲ್ಲಿ ಸಮಯ ಕಳೆದಿದ್ದೇವೆ, ತಣ್ಣೀರಿನಲ್ಲಿ ಬಿಸಿಯನ್ನೂ ಕಳೆದಿದ್ದೇವೆ, ಡ್ರಮ್ಮಿಗೆ ಬಟ್ಟೆ ತುರುಕಿ ಬಡಿತವನ್ನೂ ಇಲ್ಲವಾಗಿಸಿದ್ದೇವೆ. ಉಳಿದದ್ದು ಪುಡಿಯೊಂದೇ, ಅದನ್ನೇ ಸುರಿಯುತ್ತೇವೆ. ಏಳು ಕಿಲೋ ಮೆಷಿನ್ ಎಂದರೆ ಏಳು ಕಿಲೋ ಒಣ ಹತ್ತಿ ಬಟ್ಟೆ, ಅದೂ ಕಾಟನ್ ಪ್ರೋಗ್ರಾಮಿನಲ್ಲಿ ಮಾತ್ರ. ಸಿಂಥೆಟಿಕ್‌ಗೆ ಅದರ ಅರ್ಧ. ಬಟ್ಟೆ ಹಾಕಿದ ಮೇಲೆ ಡ್ರಮ್ಮಿನ ನೆತ್ತಿಗೂ ಬಟ್ಟೆಗೂ ನಡುವೆ ಅಂಗೈ ಆಡುವಷ್ಟು ಜಾಗವಿರಲಿ. ಐದೂವರೆ ಮೀಟರಿನ ಸೀರೆ, ಉದ್ದದ ಪಂಚೆಗಳು ಬೇರೆಲ್ಲವನ್ನೂ ಸುತ್ತಿ ಗಂಟು ಮಾಡುತ್ತವೆ. ಅವನ್ನು ಮಡಿಸಿ ಬಲೆಚೀಲಕ್ಕೆ ಹಾಕಿದರೆ ಆ ರಗಳೆಯಿಲ್ಲ.

ಬಿಸಿನೀರಿಗೆ ಕರೆಂಟು ಸುಟ್ಟುಹೋಗುತ್ತದೆ ಎಂಬ ಭಯವನ್ನೂ ಲೆಕ್ಕಕ್ಕೆ ಹಚ್ಚಿ ನೋಡಬಹುದು. ಫ್ರಂಟ್ ಲೋಡ್ ಮೆಷಿನ್ ಕಾಯಿಸುವುದು ಒಗೆಯುವ ಹಂತದ ನೀರನ್ನಷ್ಟೇ, ಜಾಲಿಸುವ ನೀರನ್ನಲ್ಲ. ಅದು 12 ಲೀಟರ್ ಎಂದುಕೊಳ್ಳಿ. 25 ಡಿಗ್ರಿಯಿಂದ 40ಕ್ಕೆ ಏರಿಸಲು ಕಾಲು ಯುನಿಟ್ಟಿಗೂ ಕಡಿಮೆ ಸಾಕು, 60ಕ್ಕೆ ಅರ್ಧ ಯುನಿಟ್. ದಿನದ ಬಟ್ಟೆಗೆ 40, ಹಾಸಿಗೆ ಬಟ್ಟೆ, ಟವೆಲ್, ಒಳಉಡುಪಿಗೆ ವಾರಕ್ಕೊಮ್ಮೆ 60. ಇದಕ್ಕಿಂತ ಬೇರೆ ಸೂತ್ರ ಬೇಡ. ಪುಡಿಯಲ್ಲಿರುವ ಕಿಣ್ವಗಳೂ ಉಗುರುಬೆಚ್ಚಗಿನ ನೀರಿನಲ್ಲೇ ಹುರುಪಿನಿಂದ ಕೆಲಸ ಮಾಡುತ್ತವೆ. ರಕ್ತ, ಹಾಲು, ಮೊಟ್ಟೆಯ ಕಲೆಗೆ ಮಾತ್ರ ಮೊದಲು ತಣ್ಣೀರು. ಬಿಸಿ ತಾಗಿದರೆ ಅವುಗಳ ಪ್ರೋಟೀನ್ ಬೆಂದು ನೂಲಿಗೆ ಅಂಟಿಕೊಳ್ಳುತ್ತದೆ. ಆ ಕಿಣ್ವಗಳೇ ರೇಷ್ಮೆಗೂ ಉಣ್ಣೆಗೂ ಶತ್ರು, ಏಕೆಂದರೆ ಅವೂ ಪ್ರೋಟೀನ್ ನೂಲುಗಳೇ. ಮೈಸೂರು ಸಿಲ್ಕ್ ಸೀರೆಗೆ ಮೆಷಿನ್ನಿನ 'ಡೆಲಿಕೇಟ್' ಬಟನ್ನನ್ನು ತೋರಿಸುವ ಸಾಹಸ ಬೇಡ, ಅದರ ದಾರಿ ಡ್ರೈಕ್ಲೀನ್.

ನಮ್ಮ ಅಡುಗೆಮನೆಯ ನಿಜವಾದ ಸವಾಲು ಅರಿಸಿನ. ಬಿಳಿ ಅಂಗಿಯ ಮೇಲೆ ಹುಳಿ ಚೆಲ್ಲಿ ಹಳದಿಯಾದ ಕಲೆಗೆ ಸೋಪು ಹಚ್ಚಿದ ತಕ್ಷಣ ಅದು ಕೆಂಪಾಗುತ್ತದೆ, ಹಚ್ಚಿದವರು ಗಾಬರಿಯಾಗುತ್ತಾರೆ. ಆರತಿ ತಟ್ಟೆಯಲ್ಲಿ ಅರಿಸಿನ ನೀರಿಗೆ ಸುಣ್ಣ ಬೆರೆಸಿದಾಗ ಕೆಂಪಾಗುವುದೂ ಇದೇ ರಸಾಯನ: ಕ್ಷಾರ ತಾಗಿದರೆ ಅರಿಸಿನದ ಬಣ್ಣ ತಿರುಗುತ್ತದೆ. ಜಾಲಿಸಿದರೆ ಮತ್ತೆ ಹಳದಿ. ಈ ಬಣ್ಣವನ್ನು ತೆಗೆಯುವುದರಲ್ಲಿ ಯಾವ ದುಬಾರಿ ದ್ರಾವಣಕ್ಕಿಂತಲೂ ಬಿಸಿಲು ಮೇಲು. ಒಗೆದ ಅಂಗಿಯನ್ನು ಒದ್ದೆಯಿದ್ದಾಗಲೇ ಕಲೆಯ ಭಾಗ ಸೂರ್ಯನಿಗೆ ಮುಖಮಾಡುವಂತೆ ಹರವಿ. ಒಂದು ಮಧ್ಯಾಹ್ನಕ್ಕೆ ಮಸುಕಾಗುತ್ತದೆ, ಎರಡು ಮೂರು ಬಿಸಿಲಿಗೆ ಹುಡುಕಬೇಕಾಗುತ್ತದೆ. ಡ್ರೈಯರಿಗೆ ಹಾಕುವವರಿಗೆ ಈ ಭಾಗ್ಯವಿಲ್ಲ. ಬಾಳೆಯ ಸೊನೆ, ಅಡಿಕೆಯ ಚೊಗರು ಇದಕ್ಕೆಲ್ಲ ಜಗ್ಗುವಂಥವಲ್ಲ. ಗಾಳಿ ತಾಗಿ ಕಪ್ಪಾದ ಮೇಲೆ ಅವು ಬಟ್ಟೆಯೊಂದಿಗೇ ಸಾಯುತ್ತವೆ. ತೋಟಕ್ಕೆ ಹೋಗುವವರು ಅದಕ್ಕೆಂದೇ ಒಂದು ಜೊತೆ ಹಳೆಬಟ್ಟೆ ಇಟ್ಟುಕೊಂಡಿರುತ್ತಾರೆ, ಅದೇ ಜಾಣತನ.

ಕರಾವಳಿಯ ಜಂಬಿಟ್ಟಿಗೆ ನೆಲದಲ್ಲಿ ಕೆಲವು ಬಾವಿಗಳ ಕಥೆ ಬೇರೆ. ಅಲ್ಲಿನ ನೀರಿನ ಕಾಟ ಸುಣ್ಣವಲ್ಲ, ಕಬ್ಬಿಣ. ಬಿಳಿ ಪಂಚೆ ಹಳದಿಗೆ ತಿರುಗಿತೆಂದು ಬ್ಲೀಚ್ ಹಾಕಿದರೆ ಕರಗಿದ್ದ ಕಬ್ಬಿಣ ತುಕ್ಕಾಗಿ ನೂಲಿನ ಮೇಲೇ ಕೂರುತ್ತದೆ, ಹಳದಿ ಇನ್ನಷ್ಟು ಗಾಢವಾಗುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ.

ಅದೇ ನಿಂಬೆ ಉಪ್ಪು ಗಡಸು ನೀರಿನ ಮೆಷಿನ್ನಿಗೂ ಮದ್ದು. ಗಡಸು ನೀರನ್ನು ಕಾಯಿಸಿದಷ್ಟೂ ಸುಣ್ಣ ಬೇರ್ಪಟ್ಟು ಹೀಟರಿಗೆ ಪದರಪದರವಾಗಿ ಅಂಟುತ್ತದೆ. ಗೀಸರಿನ ಕಾಯಿಲ್ ಬಿಚ್ಚಿಸಿ ನೋಡಿದವರಿಗೆ ಆ ಬಿಳಿ ಪೊರೆ ಗೊತ್ತು. ಎರಡು ಮೂರು ತಿಂಗಳಿಗೊಮ್ಮೆ ಖಾಲಿ ಡ್ರಮ್ಮಿಗೆ ನೂರು ಗ್ರಾಂ ನಿಂಬೆ ಉಪ್ಪು ಹಾಕಿ, 60 ಡಿಗ್ರಿಯ ಪ್ರೋಗ್ರಾಂ ಓಡಿಸಿ, ಆಮೇಲೆ ಒಮ್ಮೆ ಬರಿ ನೀರಿನಲ್ಲಿ ಜಾಲಿಸಿ. ಹೀಟರಿಲ್ಲದ ಟಾಪ್ ಲೋಡಿನಲ್ಲಾದರೆ ನೀರು ತುಂಬಿದ ಮೇಲೆ ಮಧ್ಯೆ ನಿಲ್ಲಿಸಿ ಒಂದು ಗಂಟೆ ನೆನೆಯಬಿಡಿ. ನಿಮ್ಮ ಕಂಪನಿಯ ಕೈಪಿಡಿ ಬೇರೇನಾದರೂ ಹೇಳಿದ್ದರೆ ಅದೇ ಕೊನೆಯ ಮಾತು. ಒಳ್ಳೆಯದೆಂದು ವಾರವಾರವೂ ಮಾಡಬೇಡಿ, ಆಮ್ಲಕ್ಕೆ ರಬ್ಬರೂ ಒಂದೇ, ಅಲ್ಯೂಮಿನಿಯಮ್ಮೂ ಒಂದೇ. ಇನ್ನು, ಬ್ಲೀಚಿನ ಜೊತೆ ಯಾವ ಆಮ್ಲವನ್ನೂ ಅಪ್ಪಿತಪ್ಪಿಯೂ ಬೆರೆಸಬಾರದು. ಹೊರಬರುವುದು ಕ್ಲೋರಿನ್ ವಿಷಾನಿಲ.

ಅಲ್ಯೂಮಿನಿಯಮ್ ಎಂದದ್ದಕ್ಕೆ ಕಾರಣವಿದೆ. ಹೊಳೆಯುವ ಸ್ಟೀಲ್ ಡ್ರಮ್ಮಿನ ಹಿಂದೆ, ನಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ, ಅದನ್ನು ಹಿಡಿದು ತಿರುಗಿಸುವ ಮೂರು ತೋಳಿನ ಚೌಕಟ್ಟೊಂದಿದೆ. ಮೆಕ್ಯಾನಿಕ್‌ಗಳ ಬಾಯಲ್ಲಿ 'ಸ್ಪೈಡರ್'. ಬಹುತೇಕ ಫ್ರಂಟ್ ಲೋಡ್‌ಗಳಲ್ಲಿ ಅದು ಅಲ್ಯೂಮಿನಿಯಂ ಮಿಶ್ರಲೋಹ. ಹೆಚ್ಚಾದ ಪುಡಿ, ಬಟ್ಟೆಗೆ ಹಾಕುವ ಸುಗಂಧದ ಕಂಡೀಷನರ್, ಕೊಳೆ, ಕೂದಲು ಸೇರಿ ಅದರ ಮೇಲೆ ಬೂದು ಬಣ್ಣದ ಲೋಳೆ ಮೆತ್ತಿಕೊಳ್ಳುತ್ತದೆ. ಒದ್ದೆ, ಕ್ಷಾರ, ಪಕ್ಕದಲ್ಲೇ ಸ್ಟೀಲ್. ಅಲ್ಯೂಮಿನಿಯಂ ಮೆಲ್ಲಗೆ ಕೊರೆದುಹೋಗಲು ಇನ್ನೇನು ಬೇಕು? ಒಂದು ದಿನ ಸ್ಪಿನ್ ಹೊತ್ತಿಗೆ ಮೆಷಿನ್ ದಡಬಡನೆ ಕುಣಿಯತೊಡಗುತ್ತದೆ. ತೋಳು ಮುರಿದಿರುತ್ತದೆ. ಇಡೀ ಡ್ರಮ್ ಬಿಚ್ಚುವ ಕೆಲಸವದು, ಅಂದಾಜು ಬಿಲ್ ಕೇಳಿ ಹೊಸ ಮೆಷಿನ್ ಕೊಂಡವರಿದ್ದಾರೆ. ಕಂಡೀಷನರ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿದೆ: ಬೇಡ. ಅದು ನೂಲಿನ ಮೇಲೆ ಜಿಡ್ಡಿನ ತೆಳು ಪದರ ಬಳಿಯುತ್ತದೆ, ಟವೆಲ್ ನೀರು ಹೀರುವುದನ್ನೇ ಕಡಿಮೆ ಮಾಡುತ್ತದೆ.

ಬಾಗಿಲಿನ ಸುತ್ತಲಿನ ರಬ್ಬರಿನ ಮಡಿಕೆಯನ್ನು ಬೆರಳಿನಿಂದ ಹೊರಕ್ಕೆ ಎಳೆದು ನೋಡಿ. ಕೆಳಭಾಗದಲ್ಲಿ ನೀರು ನಿಂತಿರುತ್ತದೆ, ಅದರಲ್ಲಿ ಕೂದಲು, ನೂಲಿನ ಉಂಡೆ, ಒಂದು ಸೇಫ್ಟಿ ಪಿನ್ನು. ಕಪ್ಪು ಚುಕ್ಕೆಗಳಿದ್ದರೆ ಬೂಷ್ಟು. ಪ್ರತಿ ಸಲ ಕೆಲಸ ಮುಗಿದ ಮೇಲೆ ಒಣಬಟ್ಟೆಯಿಂದ ಒರೆಸಿ, ಬಾಗಿಲು ನಾಲ್ಕು ಬೆರಳು ತೆರೆದಿಟ್ಟರೆ ಅದು ಬರುವುದೇ ಇಲ್ಲ. ಪುಡಿ ಹಾಕುವ ಟ್ರೇಯನ್ನೂ ಅಷ್ಟೇ ಹೊರಗೆಳೆದಿಡಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಮಾತ್ರ ಎಚ್ಚರ, ಡ್ರಮ್ಮಿನೊಳಗೆ ಹತ್ತಿ ಕೂರುವ ಅಪಾಯವಿದೆ. ಒರೆಸಿ ಒಣಗಿಸಿ ಬಾಗಿಲು ಹಾಕಿಬಿಡುವುದೇ ಕ್ಷೇಮ.

ಮಳೆಗಾಲದಲ್ಲಿ ಮಲೆನಾಡಿನ ಮನೆಗಳಲ್ಲಿ ಬಟ್ಟೆಗೆ ಬರುವ ಕಮಟು ವಾಸನೆಗೆ ಮೊರಾಕ್ಸೆಲ್ಲಾ ಓಸ್ಲೊಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಕಾರಣವೆಂದು ಜಪಾನಿನ ಸಂಶೋಧಕರು 2012ರಲ್ಲಿ ಗುರುತಿಸಿದರು. ಒದ್ದೆ ಬಟ್ಟೆಯಲ್ಲಿ ಉಳಿದ ಬೆವರು, ಜಿಡ್ಡನ್ನು ತಿಂದು ಅದು ವಾಸನೆ ಬಿಡುತ್ತದೆ. ಹಾಗಾಗಿ ಬಟ್ಟೆ ಬೇಗ ಒಣಗಬೇಕು, ಬೇಗ ಒಣಗಲು ಚೆನ್ನಾಗಿ ಹಿಂಡಿರಬೇಕು. 800 ಸುತ್ತಿನಲ್ಲಿ ಹಿಂಡಿದ ಹತ್ತಿ ಬಟ್ಟೆಯಲ್ಲಿ ಅದರ ತೂಕದ ಸುಮಾರು ಶೇಕಡಾ 70ರಷ್ಟು ನೀರು ಉಳಿದಿರುತ್ತದೆ, 1,400ರಲ್ಲಿ ಸರಿಸುಮಾರು ಅರ್ಧ. ಆಗುಂಬೆಯ ಕಡೆಯವರು ಮೆಷಿನ್ ಕೊಳ್ಳುವಾಗ ಬೇರೆಲ್ಲ ಬಿಟ್ಟು ಈ ಒಂದು ಅಂಕಿ ನೋಡಿದರೆ ಸಾಕು.

ಮೆಷಿನ್ನಿನ ಕೆಳಗೆ ಮೂಲೆಯಲ್ಲಿರುವ ಪುಟ್ಟ ಮುಚ್ಚಳವನ್ನು ಎಷ್ಟೋ ಜನ ತೆರೆದೇ ಇರುವುದಿಲ್ಲ. ಅದರ ಹಿಂದೆ ಡ್ರೈನ್ ಪಂಪಿನ ಫಿಲ್ಟರಿದೆ. ಸ್ವಿಚ್ ಆರಿಸಿ, ಬಿಸಿನೀರಿನ ಒಗೆತವಾಗಿದ್ದರೆ ತಣಿಯಲು ಬಿಟ್ಟು, ಅಗಲವಾದ ತಟ್ಟೆಯೊಂದನ್ನು ಕೆಳಗಿಟ್ಟು ನಿಧಾನ ತಿರುಗಿಸಿ. ನೀರು ಸುರಿಯುತ್ತದೆ, ಜೊತೆಗೆ ಒಂದೆರಡು ನಾಣ್ಯ, ಹೇರ್‌ಪಿನ್, ಗುಂಡಿ. ಒಳಗಿನ ಪುಟ್ಟ ರೆಕ್ಕೆ ಬೆರಳಿಗೆ ತಿರುಗುತ್ತದೆಯೇ ನೋಡಿ ಬಿಗಿಯಾಗಿ ಮುಚ್ಚಿ. ನೀರು ಹೊರಹೋಗುತ್ತಿಲ್ಲ ಎಂಬ ದೂರಿಗೆ ಬಹಳ ಸಲ ಮದ್ದು ಇಷ್ಟೇ. ನೀರು ಬರುತ್ತಿಲ್ಲ ಎಂದರೆ ಮೇಲೆ ನೋಡಿ: ನಲ್ಲಿ ನಿಲ್ಲಿಸಿ ಹಿಂದಿನ ಪೈಪ್ ಬಿಚ್ಚಿದರೆ ಸಿಗುವ ಜರಡಿಯಲ್ಲಿ ಬೋರಿನ, ಟ್ಯಾಂಕರಿನ ಮರಳು ಕಟ್ಟಿರುತ್ತದೆ. ಹಳೆ ಟೂತ್‌ಬ್ರಶ್ ಸಾಕು. ಜರಡಿ ಶುದ್ಧವಿದ್ದೂ ನೀರು ಬಾರದಿದ್ದರೆ, ಅದೂ ಮನೆ ಮೇಲಿನ ಮಹಡಿಯಲ್ಲಿದ್ದರೆ, ತಪ್ಪು ಟ್ಯಾಂಕಿನ ಎತ್ತರದ್ದು. ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಒತ್ತಡ. ತಲೆಯ ಮೇಲೆ ಮೂರು ಮೀಟರಿಗೆ ಟ್ಯಾಂಕಿದ್ದರೆ ಸಿಗುವುದು 0.3 ಬಾರ್, ಹಲವು ಮೆಷಿನ್‌ಗಳಿಗೆ ಅದು ಕೆಳಮಿತಿ. ಅಲ್ಲಿ ಬೇಕಾದದ್ದು ಪುಟ್ಟ ಪ್ರೆಶರ್ ಪಂಪು.

ನಲ್ಲಿಗೆ ಸಿಕ್ಕಿಸುವ ಹರಳಿನ ಫಿಲ್ಟರ್‌ಗಳ ಬಗ್ಗೆ ಕೇಳುವವರಿದ್ದಾರೆ. ಪಾಲಿಫಾಸ್ಫೇಟ್ ಹರಳು ಗಡಸುತನವನ್ನು ತೆಗೆಯುವುದಿಲ್ಲ, ಸುಣ್ಣ ಅಂಟದಂತೆ ತಡೆಯುತ್ತದೆ. ಹೀಟರಿಗೆ ಒಳ್ಳೆಯದು, ಹರಳು ಕರಗಿದಂತೆ ಬದಲಿಸಬೇಕು. ನಿಜವಾಗಿ ಮೆದು ಮಾಡುವುದು ಉಪ್ಪು ಹಾಕಿ ತೊಳೆಯುವ ರೆಸಿನ್ ಸಾಫ್ಟ್‌ನರ್. ಅಯಸ್ಕಾಂತದ ಪಟ್ಟಿ ಸುತ್ತಿದರೆ ನೀರು ಮೆದುವಾಗುತ್ತದೆ ಎನ್ನುವವರಿಗೆ ಕೈಮುಗಿದು ಕಳುಹಿಸಿ. ಬೆಂಗಳೂರಿನಲ್ಲಿ 2009ರ ಕಾಯ್ದೆಯಿಂದ 60x40 ಅಡಿ ನಿವೇಶನದ ಹಳೆ ಮನೆಗಳಿಗೂ 30x40ರ ಹೊಸ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ. ಆದರೆ ಬಹಳ ಮನೆಗಳಲ್ಲಿ ಆ ನೀರು ಇಂಗುಗುಂಡಿಗೆ ಹೋಗುತ್ತದೆ, ಇಲ್ಲವೇ ಗಿಡಕ್ಕೆ. ಸೋಸಿದ ಮಳೆನೀರಿಗಿಂತ ಮೆದು ನೀರು ಒಗೆತಕ್ಕೆ ಇನ್ನೊಂದಿಲ್ಲ. ಒಂದು ಪೈಪನ್ನು ಯುಟಿಲಿಟಿಗೆ ಎಳೆಸಿ, ಆ ದಿನಗಳಲ್ಲಿ ಪುಡಿಯನ್ನು ಅರ್ಧಕ್ಕಿಳಿಸಿ.

ಕೊನೆಯದಾಗಿ ವಾರಂಟಿ ಕಾರ್ಡನ್ನು ಹೊರತೆಗೆದು ಸಣ್ಣ ಅಕ್ಷರಗಳನ್ನು ಓದಿ. ಬಾಗಿಲಿನ ಮೇಲೆ ಅಂಟಿಸಿರುವ 'ಹತ್ತು ವರ್ಷ' ಸಾಮಾನ್ಯವಾಗಿ ಮೋಟಾರಿಗೆ ಮಾತ್ರ. ಸರ್ಕ್ಯೂಟ್ ಬೋರ್ಡು, ಹೀಟರು, ಬಾಗಿಲಿನ ರಬ್ಬರು ಅದರಲ್ಲಿ ಸೇರಿರುವುದಿಲ್ಲ. ಇಲಿ ಕಡಿದ ವೈರು, ಸುಣ್ಣ ಕಟ್ಟಿದ ಪೈಪುಗಳ ಖರ್ಚೂ ಸಾಮಾನ್ಯವಾಗಿ ನಿಮ್ಮದೇ.